ಅರ್ಧ ಇಂಚಿನ ವಂಶಾವಳಿ

ಕಾಳೀ ನದಿಯ ದಡದ ಮೌಳಂಗಿಯಲ್ಲಿ ನಲ್ಲಿಯ ಜೋಡಣೆಯನ್ನು ಬದಲಿಸಬೇಕಾದ ಗೃಹಸ್ಥನು ದಾಂಡೇಲಿಯ ಪೇಟೆಗೆ ಹೋಗಿ ‘ಅರ್ಧ ಇಂಚಿನ ಎಲ್ಬೋ’ ಎಂದೇ ಕೇಳುವನು. ಅಂಗಡಿಯವನು ತೆಗೆದುಕೊಡುವ ವಸ್ತುವಿನ ಮೇಲೆ 15 ಮಿಲಿಮೀಟರ್ ಎಂಬ ಅಂಕೆಯಿದ್ದರೂ ಇಬ್ಬರಿಗೂ ಅದರಲ್ಲಿ ವಿರೋಧವೇನೂ ತೋರದು. ಆದರೆ ಅದಕ್ಕೆ ಕೂಡುವ ಜಿ.ಐ. ಪೈಪನ್ನು ಅಳೆದು ನೋಡಿದರೆ, ಅದರ ಹೊರವ್ಯಾಸವು 21 ಮಿಲಿಮೀಟರಿಗಿಂತ ತುಸು ಹೆಚ್ಚು, ಒಳವ್ಯಾಸವು ಸುಮಾರು 16. ಅರ್ಧ ಇಂಚಾದರೋ 12.7. ಯಾವ ಭಾಗವನ್ನು ಅಳೆದರೂ ದೊರೆಯದ ಒಂದು ಪರಿಮಾಣವು ಆ ವಸ್ತುವಿನ ನಾಮಧೇಯವಾಗಿ ನಿಂತದ್ದು ಹೇಗೆಂಬುದನ್ನು ತಿಳಿಯಲು ಇಂಗ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ಆದಿಭಾಗಕ್ಕೆ ಹೋಗಬೇಕು.

ಕಲ್ಲಿದ್ದಲಿನ ಅನಿಲದಿಂದ ಬೀದಿಗಳನ್ನು ಬೆಳಗಿಸುವ ವಿದ್ಯೆ ಅಲ್ಲಿ ಆಗ ಹೊಸದಾಗಿ ಪ್ರಚಾರಕ್ಕೆ ಬಂದಿತ್ತು. ಅನಿಲವನ್ನು ಮನೆಮನೆಗೆ ಒಯ್ಯಲು ಕೊಳವೆಗಳು ಬೇಕಾಗಿದ್ದವು. ನೆಪೋಲಿಯನ್ನನ ಯುದ್ಧಗಳು ಮುಗಿದು ನಿರುಪಯುಕ್ತವಾದ ಕೋವಿಯ ನಳಿಗೆಗಳನ್ನೇ ಒಂದರ ತುದಿಗೊಂದನ್ನು ತಿರುಪಿನಿಂದ ಕೂಡಿಸಿ ಆ ಕಾರ್ಯಕ್ಕೆ ಬಳಸಿದರೆಂಬುದು ಚರಿತ್ರೆಯ ಒಂದು ವಿನೋದ. 1825ರಲ್ಲಿ ಕಾರ್ನೇಲಿಯಸ್ ವೈಟ್‌ಹೌಸ್ ಎಂಬವನು ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಅಂಚಿಗೆ ಅಂಚು ಬೆಸೆಯುವಂತೆ ಎಳೆದು ಕೊಳವೆ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಬಳಿಕ ಈ ಪದಾರ್ಥವು ಹೇರಳವಾಗಿ ದೊರೆಯತೊಡಗಿತು. ಆ ಕಾಲದ ಕೊಳವೆಯ ಗೋಡೆ ದಪ್ಪವಾಗಿದ್ದುದರಿಂದ ಅರ್ಧ ಇಂಚೆಂದರೆ ಒಳರಂಧ್ರವು ಅರ್ಧ ಇಂಚಿನಷ್ಟೇ ಇದ್ದಿತು. ಮುಂದೆ ಲೋಹವು ಉತ್ತಮವಾಗಿ ಗೋಡೆ ತೆಳುವಾದಾಗ, ಹೊರಮೈಯನ್ನು ಮಾತ್ರ ಕಿರಿದುಮಾಡುವಂತಿರಲಿಲ್ಲ; ಅದರ ಮೇಲೆಯೇ ತ್ರೆಡ್ಡನ್ನು ಕೊರೆಯಬೇಕು, ಹಳೆಯ ಸಾಕೆಟ್ಟಿನೊಳಗೆ ಅದು ಹೋಗಿ ಕೂಡಬೇಕು. ಹೀಗೆ ರಂಧ್ರವು ಹಿಗ್ಗಿತು, ಹೆಸರು ಹಿಂದೆಯೇ ಉಳಿಯಿತು.

ತ್ರೆಡ್ಡಿಗಾದರೂ ಆಗ ಏಕರೂಪತೆಯಿರಲಿಲ್ಲ. ಪ್ರತಿಯೊಂದು ಕಮ್ಮಟಕ್ಕೂ ಅದರದೇ ಡೈ, ಅದರದೇ ಕೋನ. ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತನು ಅನೇಕ ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ಕಂಡು, ಎಳೆಯ ಎರಡು ಪಾರ್ಶ್ವಗಳ ನಡುವೆ 55 ಡಿಗ್ರಿ ಕೋನವೂ, ಶಿಖರದಲ್ಲಿಯೂ ಬುಡದಲ್ಲಿಯೂ ದುಂಡುತನವೂ ಇರಬೇಕೆಂದು 1841ರಲ್ಲಿ ಸೂಚಿಸಿದನು. ಬೋಲ್ಟಿಗಾಗಿ ಹುಟ್ಟಿದ ಈ ಆಕೃತಿಯನ್ನೇ ಪೈಪಿಗೂ ಅನ್ವಯಿಸಲಾಯಿತು. ಆದರೆ ಟೊಳ್ಳು ಕೊಳವೆಯ ಗೋಡೆಯಲ್ಲಿ ಆಳವಾಗಿ ಕೊರೆದರೆ ಅದು ಮುರಿಯುವುದರಿಂದ ಎಳೆಗಳನ್ನು ಸಣ್ಣದಾಗಿಸಿ, ಅರ್ಧ ಮತ್ತು ಮುಕ್ಕಾಲು ಇಂಚಿನ ಪೈಪುಗಳಿಗೆ ಇಂಚಿಗೆ 14ರಂತೆಯೂ, ಒಂದು ಇಂಚು ಮತ್ತು ಅದಕ್ಕೆ ಮೇಲ್ಪಟ್ಟವಕ್ಕೆ 11ರಂತೆಯೂ ನಿಯಮಿಸಿದರು.

ಅಟ್ಲಾಂಟಿಕ್ಕಿನ ಆಚೆ, ಫಿಲಡೆಲ್ಫಿಯಾದಲ್ಲಿ, ರಾಬರ್ಟ್ ಬ್ರಿಗ್ಸ್ ಎಂಬ ಇಂಜಿನಿಯರನು 1862ರ ಸುಮಾರಿಗೆ ಬೇರೊಂದು ಪದ್ಧತಿಯನ್ನು ರೂಪಿಸಿದನು. (ದಾಂಡೇಲಿಯಿರುವ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿಗೆ ಜೋಡಿಸಿದ ವರ್ಷವೂ ಅದೇ, ಕಾಳಿಯ ಕಣಿವೆಯಲ್ಲಿ ಆಗ ಕಬ್ಬಿಣದ ಕೊಳವೆಯ ಚಿಂತೆ ಯಾರಿಗಿದ್ದೀತು!) ಅವನ ಕೋನ 60 ಡಿಗ್ರಿ, ಎಳೆಗಳು ಅರ್ಧ, ಮುಕ್ಕಾಲು ಇಂಚಿಗೆ ಅದೇ 14, ಒಂದು ಇಂಚಿಗೆ ಹನ್ನೊಂದೂವರೆ. 1886ರಲ್ಲಿ ಅಮೆರಿಕದ ತಯಾರಕರು ಇದನ್ನು ಅಂಗೀಕರಿಸಿದರು. ಇಂದು ಎನ್.ಪಿ.ಟಿ. ಎಂದು ಕರೆಯುವುದು ಈ ಕುಲವನ್ನು, ಬಿ.ಎಸ್.ಪಿ. ಎನ್ನುವುದು ವಿಟ್‌ವರ್ತನ ಕುಲವನ್ನು. ಎರಡರಲ್ಲಿಯೂ ಸಮಾನವಾದುದು ಟೇಪರಿನ ಪ್ರಮಾಣ: ಉದ್ದ 16 ಭಾಗವಾದರೆ ವ್ಯಾಸದಲ್ಲಿ ಒಂದು ಭಾಗ ವ್ಯತ್ಯಾಸ. ಬಾಟಲಿಯ ಬಿರಡೆಯು ಒಳಗಿಳಿದಷ್ಟೂ ಬಿಗಿಯಾಗುವಂತೆ ಈ ತ್ರೆಡ್ಡು ತಿರುಗಿದಷ್ಟೂ ಲೋಹಕ್ಕೆ ಲೋಹ ಒತ್ತಿಕೊಂಡು ನೀರನ್ನು ತಡೆಯುತ್ತದೆ.

ದಾಂಡೇಲಿಯ ಸೀಮೆಗೆ ಈ ವಂಶಗಳಲ್ಲಿ ಬಂದುದು ಸಹಜವಾಗಿ ಬ್ರಿಟಿಷರದು. ಮರದ ದಿಮ್ಮಿಗಳಿಗಾಗಿ ಅಳ್ನಾವರದಿಂದ ಶಾಖಾ ರೈಲುಮಾರ್ಗವನ್ನು ಹಾಕಿದ ರಾಜ್ಯವೂ ಇಂಚಿನ ರಾಜ್ಯವೇ. ಬಿದಿರನ್ನೂ ಕಾಳಿಯ ನೀರನ್ನೂ ನಂಬಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1955ರಲ್ಲಿ ಸ್ಥಾಪಿತವಾದಾಗ ಈ ಊರು ಮುಂಬಯಿ ರಾಜ್ಯದಲ್ಲಿತ್ತು. 1959ರಲ್ಲಿ ಕಾಗದವು ಹೊರಬರುವ ಹೊತ್ತಿಗೆ ಊರು ಮೈಸೂರಿಗೆ ಸೇರಿಹೋಗಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದ ಆ 1956ರಲ್ಲಿಯೇ ಮೆಟ್ರಿಕ್ ಮಾನಗಳ ಕಾಯಿದೆಯೂ ಬಂದು, ಸೇರು ಹೋಗಿ ಕಿಲೋಗ್ರಾಮು, ಗಜ ಹೋಗಿ ಮೀಟರು ಆಯಿತು. ಪೈಪಿಗೂ 15, 20, 25 ಎಂಬ ಹೊಸ ಹೆಸರುಗಳನ್ನಿಟ್ಟರು. ಎಳೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆಯು 1955ರಲ್ಲಿ ಪ್ರಕಟಿಸಿದ ಐ.ಎಸ್. 554 ಎಂಬ ಮಾನಕವು ವಿಟ್‌ವರ್ತನ ಆಕೃತಿಯನ್ನೇ ಇಂದಿಗೂ ಪಾಲಿಸುತ್ತಿದೆ; ಅಂತರರಾಷ್ಟ್ರೀಯ ಮಾನಕವಾದ ಐ.ಎಸ್.ಓ. 7 ಕೂಡ ಅದನ್ನೇ ಒಪ್ಪಿದೆ. ಇದನ್ನು ಆಲಸ್ಯವೆನ್ನುವುದು ನನಗೆ ಸಮ್ಮತವಲ್ಲ; ನೆಲದೊಳಗೆ ಹೂಳಿದ ಕೋಟ್ಯಂತರ ಕೊಳವೆಗಳನ್ನು ಯಾವ ಶಾಸನವೂ ಮರಳಿ ಕೊರೆಯಲಾರದು.

ಇಷ್ಟು ಇತಿಹಾಸವನ್ನು ಬಲ್ಲವನಿಗೆ ಫಿಟಿಂಗನ್ನು ಆರಿಸುವುದು ಸುಲಭ. ಅಪಾಯವಿರುವುದು ಅರ್ಧ ಮತ್ತು ಮುಕ್ಕಾಲು ಇಂಚಿನಲ್ಲಿ: ಎರಡು ಕುಲಗಳಿಗೂ ಎಳೆಯ ಸಂಖ್ಯೆ 14 ಆಗಿರುವುದರಿಂದ ಅಮೆರಿಕದ ಯಂತ್ರದೊಡನೆ ಬಂದ ನಿಪ್ಪಲ್ಲು ನಮ್ಮ ಸಾಕೆಟ್ಟಿನೊಳಗೆ ಕೆಲವು ಸುತ್ತು ವಿನಯದಿಂದಲೇ ತಿರುಗಿ, ಕೋನ ಹೊಂದದೆ, ಒತ್ತಡ ಬಂದೊಡನೆ ಸೋರುವುದು. ಒಂದು ಇಂಚಿನಲ್ಲಿ ಹನ್ನೊಂದಕ್ಕೂ ಹನ್ನೊಂದೂವರೆಗೂ ಇರುವ ಭೇದವು ಬೇಗ ಹಿಡಿದು ನಿಲ್ಲಿಸಿ ಎಚ್ಚರಿಸುತ್ತದೆ. ಸಂದೇಹವಿದ್ದಲ್ಲಿ ಪಿಚ್ ಗೇಜನ್ನು ಎಳೆಗಳ ಮೇಲಿಟ್ಟು, ಅದರ ಹಲ್ಲಿನ ಅಂಚಿನಿಂದ ಬೆಳಕು ತೂರುವುದೇ ಎಂದು ನೋಡಬೇಕು. ಕುಲ ಬೇರೆಯಾದರೆ ನಡುವೆ ಅಡಾಪ್ಟರ್ ಹಾಕುವುದಲ್ಲದೆ ಅನ್ಯ ಮಾರ್ಗವಿಲ್ಲ.

ಒಂದೇ ಕುಲದಲ್ಲಿಯೂ ಟೇಪರ್, ಪ್ಯಾರಲಲ್ ಎಂಬ ಎರಡು ಜಾತಿಗಳುಂಟು. ಮಾನಕಗಳಲ್ಲಿ ಆರ್ ಅಕ್ಷರದವು ತ್ರೆಡ್ಡಿನಲ್ಲಿಯೇ ನೀರನ್ನು ತಡೆಯುವಂಥವು. ಜಿ ಅಕ್ಷರದವು ಬರಿದೆ ಹಿಡಿದುಕೊಳ್ಳುವಂಥವು, ನೀರನ್ನು ತಡೆಯುವ ಹೊಣೆ ಅಲ್ಲಿ ವಾಷರಿನದು. ಹೊರ ತ್ರೆಡ್ಡು ಟೇಪರಾಗಿದ್ದರೆ ಒಳ ತ್ರೆಡ್ಡು ಪ್ಯಾರಲಲ್ ಆಗಿದ್ದರೂ ಸಾಗುತ್ತದೆ. ಇದು ತಿರುಗುಮುರುಗಾದರೆ ಎಷ್ಟು ಟೇಪು ಸುತ್ತಿದರೂ ನಂಬುವಂತಿಲ್ಲ. ಎಳೆಯ ಸಂದಿಗಳನ್ನು ತುಂಬಲು ಹಿಂದಿನ ಮೇಸ್ತ್ರಿಗಳು ಸಣಬಿನ ನಾರಿಗೆ ಸಫೇದಾ ಹಚ್ಚಿ ಸುತ್ತುತ್ತಿದ್ದರು; ಈಗ ಬಿಳಿಯ ಟೆಫ್ಲಾನ್ ಟೇಪು ಅದರ ಸ್ಥಾನವನ್ನು ಆಕ್ರಮಿಸಿದೆ. ಪೈಪನ್ನು ಕೊಳ್ಳುವಾಗ ಹಳದಿ, ನೀಲಿ, ಕೆಂಪು ಪಟ್ಟಿಗಳನ್ನು ಗಮನಿಸಬೇಕು: ಅವು ಕ್ರಮವಾಗಿ ಎ, ಬಿ, ಸಿ ಕ್ಲಾಸುಗಳ ಗುರುತು, ಅಂದರೆ ಗೋಡೆಯ ದಪ್ಪದ ಸೂಚನೆ, ತೆಳುಗೋಡೆಯ ಹಳದಿ ಪೈಪಿನಲ್ಲಿ ತ್ರೆಡ್ಡು ಕೊರೆದ ಮೇಲೆ ಉಳಿಯುವ ಲೋಹವು ಅತ್ಯಲ್ಪವಾದುದರಿಂದ ತುಕ್ಕು ಮೊದಲು ತಿನ್ನುವುದು ಆ ಕೊರಳನ್ನೇ. ಪ್ಲಾಸ್ಟಿಕ್ಕಿನ ಎಫ್.ಟಿ.ಎ.ಯೊಳಗೆ, ಅಂದರೆ ಒಳ ತ್ರೆಡ್ಡುಳ್ಳ ಅಡಾಪ್ಟರಿನೊಳಗೆ, ಕಬ್ಬಿಣದ ಟೇಪರ್ ನಿಪ್ಪಲ್ಲನ್ನು ಪಾನಾ ಹಿಡಿದು ಬಿಗಿಯುವುದಂತೂ ಸಲ್ಲದು, ಅದು ಸೀಳುವುದು. ಅಂತಹ ಕಡೆ ಒಳಗೆ ಹಿತ್ತಾಳೆಯ ತ್ರೆಡ್ಡುಳ್ಳ ಫಿಟಿಂಗನ್ನು ಕೇಳಿ ತರುವುದು ಲೇಸು, ಬೆಲೆ ತುಸು ಹೆಚ್ಚಾದರೂ.