ಹೊಗೆಗೆ ಲೆಕ್ಕವಿದೆ, ಎಣ್ಣೆಗೆ?

"ಹಳೇ ಇಂಜಿನ್ ಗಟ್ಟಿ ಸಾರ್, ಏನು ಹಾಕಿದ್ರೂ ಓಡ್ತಿತ್ತು. ಈಗಿಂದು ಮುಟ್ಟಿದ್ರೆ ಮುನಿ." ಗ್ಯಾರೇಜಿಗೆ ಬರುವವರೆಲ್ಲ ಆಡುವ ಈ ಮಾತನ್ನು ಈಚೆಗೆ ವಾಹನ ಪುರವಣಿಗಳೂ ಬರೆಯತೊಡಗಿವೆ. ಮೂವತ್ತೈದು ವರ್ಷ ಡೀಸೆಲ್ ಪಂಪ್ ಬಿಚ್ಚಿ ಜೋಡಿಸಿದ ನನಗೆ ಇದನ್ನು ಒಪ್ಪಲಾಗುವುದಿಲ್ಲ. ಹಳೆಯ ಇಂಜಿನ್ ಕೆಟ್ಟ ಎಣ್ಣೆಯನ್ನು ಅರಗಿಸಿಕೊಂಡದ್ದೇ ಇಲ್ಲ. ಅದರ ಪಾಪವನ್ನು ಒಂದಿಷ್ಟು ತನ್ನ ಲೈನರಿಗೂ ಉಳಿದದ್ದನ್ನು ನಮ್ಮ ಶ್ವಾಸಕೋಶಕ್ಕೂ ಹಂಚುತ್ತಿತ್ತು.

ಮೊದಲ ನೂರು ವರ್ಷದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್‌ನ ಇಂಜಿನ್ ಓಡಿತು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಂಥದ್ದೊಂದನ್ನು ಕಡಲೆಕಾಯಿ ಎಣ್ಣೆಯಲ್ಲೂ ಓಡಿಸಿ ತೋರಿಸಿದರು. 1927ರಲ್ಲಿ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ಬಂದ ಮೇಲೆ ಡೀಸೆಲ್ ಲಾರಿಗೆ ದಾರಿ ಸಲೀಸಾಯಿತು. ನಮ್ಮಲ್ಲಿ 1951ರಲ್ಲಿ ಮೈಕೋ ಕಂಪನಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಪಂಪ್‌ಗಳು ತಯಾರಾದವು. ಅಷ್ಟೂ ಕಾಲ ಎಣ್ಣೆ ಹೇಗಿದೆ ಎಂದು ಕೇಳಿದವರು ಕಡಿಮೆ. ಉರಿದರೆ ಸಾಕಿತ್ತು.

1990ರ ದಶಕದ ನಡುವಿನವರೆಗೆ ನಮ್ಮ ಡೀಸೆಲ್‌ನಲ್ಲಿ ಶೇ. 1ರಷ್ಟು, ಎಂದರೆ 10,000 ಪಿಪಿಎಂ ಗಂಧಕಕ್ಕೆ ಅವಕಾಶವಿತ್ತು. ಟನ್ನಿಗೆ ಹತ್ತು ಕಿಲೋ! ಅದು ಉರಿದು, ಉರಿದಾಗ ಹುಟ್ಟುವ ನೀರಾವಿಯೊಂದಿಗೆ ಸೇರಿ ಗಂಧಕಾಮ್ಲವಾಗುತ್ತದೆ. ಇಂಜಿನ್ ತಣ್ಣಗಿದ್ದಾಗ ಲೈನರಿನ ಮೇಲೆ ಕೂತು, ರಿಂಗ್ ಜೊತೆ ಸೇರಿ ಸವೆಸುತ್ತದೆ. ಇಂಜಿನ್ ಆಯಿಲ್‌ಗೆ ಕ್ಷಾರ ಬೆರೆಸುವುದು ಇದನ್ನು ತಡೆಯಲೆಂದೇ. ಒಂದಂಶ ಗಂಧಕ ಸಲ್ಫೇಟ್ ಕಣಗಳಾಗಿ ಮಸಿಯ ಜೊತೆ ಹೊರಬೀಳುತ್ತದೆ. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಾರಿದ್ದು 2012ರಲ್ಲಿ.

ಗಂಧಕ ಇಳಿಸಲು ದೆಹಲಿಯ ಗಾಳಿ ಕೆಡಬೇಕಾಯಿತು, ವಕೀಲ ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾಯಿತು. 2002ರ ಮಾಶೇಲ್ಕರ್ ಸಮಿತಿ ವರದಿ ಒಂದು ದಾರಿ ಹಾಕಿಕೊಟ್ಟಿತು. 2010ರಲ್ಲಿ ಹದಿಮೂರು ನಗರಗಳಿಗೆ 50 ಪಿಪಿಎಂ, ಉಳಿದ ದೇಶಕ್ಕೆ 350. ಊರೂರು ಸುತ್ತುವ ಲಾರಿ ಎಲ್ಲೆಂದರಲ್ಲಿ ಟ್ಯಾಂಕ್ ತುಂಬಿಸುತ್ತದೆ; ಹಾಗಾಗಿ ನಗರದ ಒಳ್ಳೆಯ ಎಣ್ಣೆಯಿಂದ ಅದಕ್ಕೆ ಲಾಭವಾಗಲಿಲ್ಲ. 2017ರಲ್ಲಿ ಎಲ್ಲೆಡೆ 50, ಭಾರತ್ ಸ್ಟೇಜ್ ಮಾನದಂಡದ ಐದನೇ ಹಂತವನ್ನು ಹಾರಿ 2020ರ ಏಪ್ರಿಲ್‌ನಿಂದ 10.

ಎಲ್ಲರೂ ಬರೆಯುವ ಚರಿತ್ರೆ ಇಷ್ಟೇ. ಪಂಪ್ ಬೆಂಚಿನ ಮುಂದೆ ಕೂತ ನಮ್ಮ ತಲೆಮಾರಿನ ಚಿಂತೆ ಬೇರೆಯಿತ್ತು. 1991ರಲ್ಲಿ ಸ್ವೀಡನ್ ಗಂಧಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದ ಡೀಸೆಲ್ ತಂದಾಗ ರೋಟರಿ ಪಂಪ್‌ಗಳು ಕೆಟ್ಟು ನಿಂತವು. ರಿಫೈನರಿಯಲ್ಲಿ ಹೈಡ್ರೋಜನ್ ಕೊಟ್ಟು ಗಂಧಕ ತೆಗೆಯುವಾಗ ಎಣ್ಣೆಯ ಜಿಡ್ಡುತನವೂ ಹೋಗಿರುತ್ತದೆ. ಆ ಪಂಪಿಗೆ ಡೀಸೆಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ. ಆಮೇಲೆ ಪರೀಕ್ಷೆಯೊಂದು ಬಂತು: 60 ಡಿಗ್ರಿ ಬಿಸಿಯ ಡೀಸೆಲ್‌ನಲ್ಲಿ ಉಕ್ಕಿನ ಗುಂಡನ್ನು ಬಿಲ್ಲೆಯ ಮೇಲೆ 75 ನಿಮಿಷ ಉಜ್ಜಿದರೆ, ಸವೆದ ಗುರುತು 460 ಮೈಕ್ರಾನ್ ಮೀರಬಾರದು. ಶೇ. 2ರಷ್ಟು ಜೈವಿಕ ಡೀಸೆಲ್ ಬೆರೆಸಿದರೂ ಜಿಡ್ಡು ಮರಳುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಲ್ಲಿ ಇಂಜಿನ್ ಓಡಿಸಿದಾಗ ಹಸಿರು ಇಂಧನವೆಂದು ಹೊಗಳಿದವರು ಹಲವರು. ಹೊಂಗೆಯಿಂದ ಪಂಪೂ ಬದುಕೀತು ಎಂದು ಯೋಚಿಸಿದವರು ಅಷ್ಟಿಲ್ಲ.

ಕಲಬೆರಕೆ ಈ ಕಥೆಯ ಇನ್ನೊಂದು ಮಗ್ಗುಲು. ಪಂಪಿನೊಳಗೆ ಎಣ್ಣೆ ಒತ್ತುವ ಪ್ಲಂಜರಿಗೂ ಅದರ ಬ್ಯಾರಲಿಗೂ ನಡುವೆ ಎರಡು ಮೂರು ಮೈಕ್ರಾನ್ ಸಂದು. ಎಣ್ಣೆಯಲ್ಲಿ ಅದ್ದಿ, ಓರೆಯಾಗಿ ಹಿಡಿದು, ಪ್ಲಂಜರನ್ನು ಬೆರಳಗಲ ಎಳೆದು ಬಿಟ್ಟರೆ ಅದು ತನ್ನ ಭಾರಕ್ಕೇ ಮೆಲ್ಲಗೆ ಇಳಿಯಬೇಕು. ಒಮ್ಮೆ ಒಂದು ಲಾರಿಯ ಪಂಪಿನ ಆರೂ ಪ್ಲಂಜರ್ ಟಪ್ಪನೆ ಬಿದ್ದವು. ದೀಪಕ್ಕೆ ಹಿಡಿದರೆ ಹೊಳಪಿರಬೇಕಾದಲ್ಲಿ ಬೂದು ಬಣ್ಣದ ಉದ್ದುದ್ದ ಗೆರೆಗಳು. ಫಿಲ್ಟರಿನಲ್ಲಿ ಸೀಮೆಎಣ್ಣೆಯ ನಾತ. ಯಾವ ಬಂಕ್ ಎಂದು ಡ್ರೈವರ್ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೇಳಿದವರೊಬ್ಬರಿದ್ದರು. ಕೆ.ಜಿ.ಎಫ್‌ನಲ್ಲಿ ಬೆಳೆದು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಸೇರಿದ ಎಸ್. ಮಂಜುನಾಥ್. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾರುತ್ತಿದ್ದ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್ 19ರಂದು ಗುಂಡಿಗೆ ಬಲಿಯಾದರು. ಇಂಧನ ಗುಣಮಟ್ಟದ ಸಮೀಕ್ಷೆಗಳಲ್ಲಿ ಅವರ ಹೆಸರನ್ನು ನಾನು ಕಂಡಿಲ್ಲ.

ಈಗ ಕಾಮನ್ ರೈಲ್ ಕಾಲ. ಒತ್ತಡ 1,600 ಬಾರ್ ದಾಟುತ್ತದೆ. ಮಸಿ ಹಿಡಿಯಲು ಫಿಲ್ಟರ್, ನೈಟ್ರೋಜನ್ ಆಕ್ಸೈಡ್ ಇಳಿಸಲು ಯೂರಿಯಾ ದ್ರಾವಣ ಬಂದಿವೆ. ಗಂಧಕ ಹೆಚ್ಚಿದ್ದರೆ ಈ ವ್ಯವಸ್ಥೆಯ ವೇಗವರ್ಧಕಗಳೇ ಮಂಕಾಗುತ್ತವೆ. ಎಂದರೆ 10 ಪಿಪಿಎಂ ಎಣ್ಣೆ ಬಂದ ಮೇಲೆಯೇ ಈ ಇಂಜಿನ್ ಸಾಧ್ಯವಾದದ್ದು. ದೊಡ್ಡ ವಾಹನಗಳಿಗೆ 2000ದಲ್ಲಿ ಕಿಲೋವ್ಯಾಟ್ ಗಂಟೆಗೆ 0.36 ಗ್ರಾಂ ಇದ್ದ ಕಣಗಳ ಮಿತಿ ಇಂದು 0.01. ಮುಟ್ಟಿದರೆ ಮುನಿ ಎನ್ನುವವರು ಈ ಅಂಕಿಯನ್ನೂ ಹೇಳಬೇಕು.

ಆದರೆ ನಮ್ಮ ಅಧ್ಯಯನಗಳಲ್ಲಿ ಹೆಚ್ಚಿನವು ರಿಫೈನರಿಯಿಂದ ಹೊರಟು ಸೀದಾ ಸೈಲೆನ್ಸರಿಗೆ ಬಂದು ನಿಲ್ಲುತ್ತವೆ. ನಡುವಿನ ಟ್ಯಾಂಕರ್, ಬಂಕಿನ ನೆಲದಡಿಯ ತೊಟ್ಟಿ, ರೈತನ ಡ್ರಮ್ಮು, ಜನರೇಟರಿನ ಕ್ಯಾನು ಯಾರ ಲೆಕ್ಕಕ್ಕೂ ಬರುವುದಿಲ್ಲ. ಬಂಕಿನ ಹೈಡ್ರೋಮೀಟರ್ ಸಾಂದ್ರತೆ ತೋರಿಸೀತು. ಗಂಧಕವನ್ನಾಗಲಿ ಜಿಡ್ಡುತನವನ್ನಾಗಲಿ ತೋರಿಸದು.

ಕಳೆದ ಮಳೆಗಾಲ ರೈತರೊಬ್ಬರು ಟ್ರ್ಯಾಕ್ಟರಿನ ಇಂಜೆಕ್ಟರ್ ತಂದರು, ಜೊತೆಗೆ ಬಾಟಲಿಯಲ್ಲಿ ಡೀಸೆಲ್. ರಾತ್ರಿ ಹಾಗೇ ಇಟ್ಟೆ. ಬೆಳಿಗ್ಗೆ ತಳದಲ್ಲಿ ಎರಡು ಬೆರಳು ನೀರು ನಿಂತಿತ್ತು. ಹತ್ತು ಪಿಪಿಎಂಗೆ ಇಳಿಸಿದ ಎಣ್ಣೆ ಮನೆಯ ಹಿತ್ತಲಿನ ಡ್ರಮ್ಮಿನಲ್ಲಿ ಕೆಟ್ಟಿತ್ತು. "ಹೊಗೆ ಸರ್ಟಿಫಿಕೇಟ್ ಕೇಳ್ತಾರೆ ಸಾರ್, ಎಣ್ಣೆ ಎಲ್ಲಿ ತೋರಿಸ್ಲಿ?" ಎಂದರು ಅವರು. ಅವರ ತಾಲ್ಲೂಕಿನಲ್ಲಿ ಅಂಥ ಜಾಗವಿಲ್ಲ. ಬಾಟಲಿ ಇನ್ನೂ ನನ್ನ ಬೆಂಚಿನ ಮೇಲಿದೆ.