ಕಾನೂನಿನಲ್ಲಿ ಪಿಎಚ್‌.ಡಿ.: ವಿಷಯ ನಮ್ಮ ಊರಲ್ಲೇ ಇದೆ



ಎಲ್‌ಎಲ್‌.ಬಿ. ಓದಿದವರು ವಕೀಲರಾಗುತ್ತಾರೆ, ಕೆಲವರು ನ್ಯಾಯಾಧೀಶರೂ ಆಗುತ್ತಾರೆ. ಇಷ್ಟು ನಮಗೆಲ್ಲ ತಿಳಿದಿದೆ. ಆದರೆ ಕಾನೂನಿನಲ್ಲಿ ಪಿಎಚ್‌.ಡಿ. ಮಾಡುತ್ತೇನೆಂದು ನಮ್ಮ ಹುಡುಗಿಯೊಬ್ಬಳು ಹೇಳಿದರೆ, ‘ಅದರಿಂದೇನು ಪ್ರಯೋಜನ?’ ಎಂದು ಕೇಳುವವರೇ ಹೆಚ್ಚು. ಇದಕ್ಕೆ ಉತ್ತರ ನಮ್ಮ ತಾಲೂಕುಗಳ ಇತಿಹಾಸದಲ್ಲಿಯೇ ಇದೆ.

ಕರಾವಳಿಯ ಕಾನೂನು ಶಿಕ್ಷಣಕ್ಕೆ ನಮ್ಮ ಊರುಗಳ ನಂಟು ಹಳೆಯದು. 1957ರಲ್ಲಿ ಉಡುಪಿಯಲ್ಲಿ ಆರಂಭವಾದ ಕಾನೂನು ಕಾಲೇಜಿಗೆ, ಬೆಳ್ತಂಗಡಿಯಿಂದ ಶಾಸಕರಾಗಿ ಆರಿಸಿಬಂದು ವಿಧಾನಸಭೆಯ ಸ್ಪೀಕರ್ ಆಗಿದ್ದ ಬಿ. ವೈಕುಂಠ ಬಾಳಿಗರ ಹೆಸರಿದೆ. ಮೂಡುಬಿದಿರೆ ಸಮೀಪದ ಬೆಳುವಾಯಿಯ ಎಸ್. ಅಬ್ದುಲ್ ನಝೀರ್ ಅವರು ಮೂಡುಬಿದಿರೆಯ ಮಹಾವೀರ ಕಾಲೇಜಿನಲ್ಲಿ ಬಿ.ಕಾಂ., ಮಂಗಳೂರಿನ ಎಸ್‌.ಡಿ.ಎಂ. ಕಾಲೇಜಿನಲ್ಲಿ ಕಾನೂನು ಓದಿ, 1983ರಲ್ಲಿ ವಕೀಲರಾಗಿ, 2017ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅದೇ ವರ್ಷ ಆಗಸ್ಟ್ 22ರಂದು ತೀರ್ಪಾದ ಶಾಯರಾ ಬಾನು ಪ್ರಕರಣದ ಪೀಠದಲ್ಲಿ ಅವರಿದ್ದರು. ಒಂದೇ ಉಸಿರಿನ ಮೂರು ತಲಾಖ್ 3:2 ಬಹುಮತದಿಂದ ರದ್ದಾಯಿತು. ನಝೀರ್ ಅವರು ಅಲ್ಪಮತದಲ್ಲಿದ್ದರು. ಯಾರ ಅಭಿಪ್ರಾಯ ಸರಿ ಎಂಬ ಚರ್ಚೆ ಇಲ್ಲಿ ಬೇಡ. ಗಮನಿಸಬೇಕಾದದ್ದು, ಐವರು ನ್ಯಾಯಮೂರ್ತಿಗಳೂ ಕೂಲಂಕಷವಾಗಿ ಪರಿಶೀಲಿಸಿದ್ದು 1937ರ ಶರೀಅತ್ ಕಾಯ್ದೆಯನ್ನು.

ಆ ಕಾಯ್ದೆಗೆ ನಮ್ಮ ಜಿಲ್ಲೆಯಲ್ಲಿ ಬೇರೆಯೇ ಒಂದು ಚರಿತ್ರೆಯಿದೆ. ಮದುವೆ, ತಲಾಖ್, ವಾರಸಾ ಹಕ್ಕು ಮುಂತಾದವುಗಳಲ್ಲಿ ರೂಢಿಯನ್ನು ಬದಿಗಿಟ್ಟು ಶರೀಅತ್ ಅನ್ವಯಿಸಬೇಕೆಂಬುದು ಅದರ ಉದ್ದೇಶ. ಆದರೆ ಕೃಷಿಭೂಮಿಯನ್ನು ಅದು ಹೊರಗಿಟ್ಟಿತ್ತು. 1949ರಲ್ಲಿ ಮದ್ರಾಸು ಸರ್ಕಾರ ತಿದ್ದುಪಡಿ ತಂದು ಕೃಷಿಭೂಮಿಯನ್ನೂ ಸೇರಿಸಿತು. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದ್ರಾಸಿನಲ್ಲಿದ್ದುದರಿಂದ, ಗದ್ದೆ ತೋಟಗಳಲ್ಲೂ ನಮ್ಮ ಹೆಣ್ಣುಮಕ್ಕಳ ಪಾಲಿಗೆ ಕಾನೂನಿನ ಬಲ ಬಂತು.

ಮುಂದೆ ಬಂದದ್ದು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿಭೂಮಿಯೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಭೂ ನ್ಯಾಯ ಮಂಡಳಿಗೆ ಡಿಕ್ಲರೇಶನ್ ಕೊಟ್ಟು ಹಕ್ಕು ಪಡೆಯಬೇಕಾಯಿತು. ಚಾಲಗೇಣಿ ಮಾಡುತ್ತಿದ್ದ ತಂದೆ ತೀರಿಹೋಗಿ, ಹಿರಿಯ ಮಗ ಅರ್ಜಿ ಹಾಕಿ, ಭೂಮಿ ಅವನ ಹೆಸರಿಗಾಯಿತು ಎನ್ನಿ. ಮದುವೆಯಾಗಿ ಹೋದ ಅಕ್ಕತಂಗಿಯರಿಗೆ, ವಿಧವೆ ತಾಯಿಗೆ ಅದರಲ್ಲಿ ಪಾಲುಂಟೇ? ಹಿಂದೂ ಅವಿಭಕ್ತ ಕುಟುಂಬವನ್ನು ಭೂಸುಧಾರಣಾ ಕಾಯ್ದೆ ನೇರವಾಗಿ ಹೆಸರಿಸುತ್ತದೆ. ಉಳಿದವರಲ್ಲಿ, ರೂಢಿಯಿಂದ ಆಸ್ತಿಯಲ್ಲಾಗಲಿ ವಾಸದಲ್ಲಾಗಲಿ ಒಟ್ಟಾಗಿರುವ ಗುಂಪನ್ನು ಕೂಡುಕುಟುಂಬ ಎನ್ನುತ್ತದೆ. ಶರೀಅತ್ತಿನಲ್ಲಾದರೋ ಕೂಡುಕುಟುಂಬದ ಆಸ್ತಿಯೆಂಬುದೇ ಇಲ್ಲ. ಮರಣದೊಂದಿಗೆ ಪ್ರತಿಯೊಬ್ಬ ವಾರಸುದಾರರ ಪಾಲು ಪ್ರತ್ಯೇಕವಾಗುತ್ತದೆ. 1937ರಲ್ಲಿ ಮುಂಬಾಗಿಲಿನಿಂದ ಕಳುಹಿಸಿದ ರೂಢಿ ಭೂಸುಧಾರಣೆಯಲ್ಲಿ ಹಿತ್ತಲ ಬಾಗಿಲಿನಿಂದ ಒಳಬಂದಂತಾಯಿತಲ್ಲವೇ?

ವಕೀಲರು ಇಂಥ ಒಂದು ಮನೆಯ ಕೇಸು ನಡೆಸುತ್ತಾರೆ. ಸಂಶೋಧಕಿ ನೂರು ಮನೆಗಳ ಕಡತ ಓದಿ, ಕಾಯ್ದೆ ಎಲ್ಲಿ ಎಡವಿತು, ಹೇಗೆ ತಿದ್ದಬೇಕು ಎಂದು ತೋರಿಸಬಲ್ಲಳು. ಪ್ರಯೋಜನವೆಂದರೆ ಇದೇ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಕಟ್ಟಿ ದೇಶದ ಕಾನೂನು ಶಿಕ್ಷಣದ ದಾರಿಯನ್ನೇ ಬದಲಿಸಿದ ಎನ್.ಆರ್. ಮಾಧವ ಮೆನನ್ ಅವರು ಪಿಎಚ್‌.ಡಿ. ಪಡೆದದ್ದು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಎಂಬುದನ್ನೂ ನೆನಪಿಡಿ.

ಯುಜಿಸಿಯ 2022ರ ನಿಯಮದಂತೆ ಎಲ್‌ಎಲ್‌.ಎಂ.ನಲ್ಲಿ ಶೇ. 55 ಅಂಕ ಬೇಕು. ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ ಶೇ. 5 ವಿನಾಯಿತಿ ಇದೆ. ಅವಧಿ ಕನಿಷ್ಠ 3, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಸಿಗಬಹುದು. 2009ರ ಕಾಯ್ದೆಯಿಂದ ಹುಬ್ಬಳ್ಳಿಯಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯವೇ ಆಗಿದೆ. ಅಲ್ಪಸಂಖ್ಯಾತರ ಮೌಲಾನಾ ಆಝಾದ್ ಫೆಲೋಶಿಪ್ 2022ರಲ್ಲಿ ನಿಂತುಹೋದದ್ದು ದೊಡ್ಡ ನಷ್ಟವೇ. ಆದರೆ ನೆಟ್ ಪರೀಕ್ಷೆಯಲ್ಲಿ ಜೆ.ಆರ್‌.ಎಫ್. ಗಳಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ನಿಗದಿಯಾಗಿದೆ.

ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಕಲಿತ ನಮ್ಮ ಮಕ್ಕಳಿಗೆ ಈ ಕೆಲಸದಲ್ಲಿ ಹೊರಗಿನವರಿಗಿಲ್ಲದ ಅನುಕೂಲವಿದೆ. ಭಾಷೆ ಕಲಿಸುವವನಾಗಿ ಇದನ್ನು ಧೈರ್ಯದಿಂದ ಹೇಳಬಲ್ಲೆ. 1974ರಲ್ಲಿ 25ರ ಪ್ರಾಯದಲ್ಲಿ ಡಿಕ್ಲರೇಶನ್ ಕೊಟ್ಟವರಿಗೆ ಈಗ 75 ದಾಟಿದೆ. ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಗೇಣಿ ರಶೀದಿ ಇದೆಯೇ, ಮಂಡಳಿಯ ಆದೇಶದಲ್ಲಿ ಯಾರ ಯಾರ ಹೆಸರಿದೆ, ಈ ರಜೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.