ಅರ್ಥಶಾಸ್ತ್ರದ ಮನೆಯಲ್ಲಿ ಗಣಿತಕ್ಕೇನು ಕೆಲಸ?



ಘಾಟ್ಕೋಪರ್ ಪಶ್ಚಿಮದಲ್ಲಿ ಝುಂಝುನ್‌ವಾಲಾ ಕಾಲೇಜು ಶುರುವಾದದ್ದು 1963ರಲ್ಲಿ. ಅಂದಿನಿಂದ ಇಂದಿನವರೆಗೆ ಈ ಉಪನಗರದ ಎಷ್ಟೋ ಕನ್ನಡ ಮನೆಗಳಲ್ಲಿ ಮಕ್ಕಳು ಕೇಳುವ ಪ್ರಶ್ನೆ ಒಂದೇ: "ಹತ್ತನೇ ಕ್ಲಾಸಿಗೇ ಗಣಿತಕ್ಕೆ ಕೈಮುಗಿದು ಆರ್ಟ್ಸ್ ಸೇರಿದೆವು. ಅರ್ಥಶಾಸ್ತ್ರದಲ್ಲೂ ಅದು ಬೆನ್ನು ಬಿಡುವುದಿಲ್ಲವೇ?"

ಪ್ರಶ್ನೆ ಹೊಸದಲ್ಲ. ಕೇಂಬ್ರಿಜ್‌ನ ಆಲ್ಫ್ರೆಡ್ ಮಾರ್ಷಲ್ 1865ರ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನ ಪಡೆದವರು. ಆದರೂ 1890ರ ತಮ್ಮ ಅರ್ಥಶಾಸ್ತ್ರ ಗ್ರಂಥದಲ್ಲಿ ಗಣಿತವನ್ನು ಅಡಿಟಿಪ್ಪಣಿ, ಅನುಬಂಧಗಳಿಗೆ ಸರಿಸಿದರು. ಗಣಿತ ಸಹಾಯಕ, ಯಜಮಾನನಲ್ಲ ಎಂಬುದು ಅವರ ನಿಲುವು. 1938ರಲ್ಲಿ ಆರ್. ಜಿ. ಡಿ. ಆಲೆನ್ ಅರ್ಥಶಾಸ್ತ್ರದವರಿಗೆಂದೇ ಗಣಿತದ ಪಠ್ಯ ಬರೆದರು. 1947ರಲ್ಲಿ ಸ್ಯಾಮ್ಯುಯೆಲ್ಸನ್ನರ ಪುಸ್ತಕ ಬಂದ ಮೇಲೆ ಗಣಿತ ಅನುಬಂಧದಿಂದ ನಡುಮನೆಗೇ ಬಂತು.

ಮುಂಬಯಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ವಿಭಾಗದ ಹುಟ್ಟು 1921ರಲ್ಲಿ. ಅಲ್ಲಿ ಹೆಸರು ಮಾಡಿದ ಕನ್ನಡಿಗರು ಪ್ರೊ. ಪಿ. ಆರ್. ಬ್ರಹ್ಮಾನಂದ (1926-2003). ಎರಡನೇ ಪಂಚವಾರ್ಷಿಕ ಯೋಜನೆಗೆ (1956-61) ಆಧಾರವಾದದ್ದು ಮಹಲನೋಬಿಸರ ಸಮೀಕರಣಗಳು. ಮೊದಲು ಯಂತ್ರ ತಯಾರಿಸುವ ಭಾರೀ ಕೈಗಾರಿಕೆ ಎಂದವು ಆ ಸಮೀಕರಣಗಳು. 1956ರಲ್ಲೇ ಸಿ. ಎನ್. ವಕೀಲ್ ಜೊತೆ ಪುಸ್ತಕ ಬರೆದ ಬ್ರಹ್ಮಾನಂದರು, ದುಡಿಯುವವನಿಗೆ ಅನ್ನ, ಬಟ್ಟೆ ಮೊದಲು ಬೇಕಲ್ಲ ಎಂದು ವಾದಿಸಿದರು. ಸಮೀಕರಣದೊಳಗೆ ಏನನ್ನು ಬಿಟ್ಟಿದ್ದಾರೆ ಎಂದು ಹೇಳಬೇಕಾದರೆ ಅದನ್ನು ಓದಲು ಬರಬೇಕು. ಗಣಿತ ಕಲಿಯುವ ಕಾರಣವೂ ಇದೇ.

ಕಲಿಸುವ ದಾರಿ ಕಷ್ಟವೇನಲ್ಲ. ನಮ್ಮ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯನ್ನೇ ನೋಡಿ. ನೂರು ಪ್ಲೇಟ್ ಇಡ್ಲಿಗೆ ಬಾಡಿಗೆ, ಸಂಬಳ ಸೇರಿ 2,000 ರೂಪಾಯಿ ಖರ್ಚು ಎನ್ನೋಣ. ಪ್ಲೇಟಿಗೆ ಸರಾಸರಿ 20. ಆದರೆ ನೂರಾ ಒಂದನೆಯ ಪ್ಲೇಟಿಗೆ ಬೇಕಾದದ್ದು ಹಿಟ್ಟು, ಚಟ್ನಿ, ಗ್ಯಾಸ್ ಮಾತ್ರ. 8 ರೂಪಾಯಿ ಸಾಕು. ಆ 8 ರೂಪಾಯಿಯೇ ಸೀಮಾಂತ ವೆಚ್ಚ. ಕ್ಯಾಲ್ಕುಲಸ್ ಹೇಳುವುದೂ ಇದನ್ನೇ, ಇನ್ನಷ್ಟು ಸೂಕ್ಷ್ಮವಾಗಿ. ಲೆಕ್ಕ ಮೊದಲು, ಸೂತ್ರ ಆಮೇಲೆ ಬಂದರೆ ಹುಡುಗರು ಹೆದರುವುದಿಲ್ಲ. ಸೂತ್ರವೇ ಮೊದಲು ಬಂದರೆ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆಯುತ್ತಾರೆ.

ನಾಳೆ ಬಜೆಟ್ಟಿನ ಅಂಕಿಗಳನ್ನು ಯಾರೋ ಮುಂದಿಟ್ಟಾಗ ತಲೆಯಾಡಿಸಬೇಕೋ, ಪ್ರಶ್ನಿಸಬೇಕೋ? ಪ್ರಶ್ನಿಸುವ ಧೈರ್ಯ ಬೇಕಿದ್ದರೆ, ಮಕ್ಕಳೇ, ಆ ಒಂದು ಪೇಪರನ್ನು ದ್ವೇಷಿಸಬೇಡಿ.